ಆಟವೇ ಸೋತ ದಿನ

ಮಕ್ಕಳು ವಿಡಿಯೋ ಆಟದಲ್ಲಿ ಗೆದ್ದೆವೆಂದು ಹೆಮ್ಮೆಯಿಂದ ಹೇಳಿಕೊಂಡಾಗ ಹಿರಿಯರು ನಕ್ಕು ಸುಮ್ಮನಾಗುವುದು ವಾಡಿಕೆ. ಓದುಗ ಬಂಧುಗಳೇ, 2023ರ ಡಿಸೆಂಬರ್ 21ರಂದು ಅಮೆರಿಕದ ಒಕ್ಲಹೋಮಾ ರಾಜ್ಯದ ವಿಲ್ಲಿಸ್ ಗಿಬ್ಸನ್ ಎಂಬ 13 ವರ್ಷದ ಬಾಲಕನು ಸಾಧಿಸಿದ್ದನ್ನು ನಾವು ಹಾಗೆ ತಳ್ಳಿಹಾಕಲಾರೆವು.

ಅವನು ಆಡಿದ್ದು ಟೆಟ್ರಿಸ್. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಾಜಿತ್ನೋವ್ ರೂಪಿಸಿದ ಈ ಆಟದಲ್ಲಿ ಮೇಲಿನಿಂದ ಬೀಳುವ ತುಂಡುಗಳನ್ನು ತಿರುಗಿಸಿ ಸಾಲಾಗಿ ಹೊಂದಿಸಬೇಕು. ತುಂಬಿದ ಸಾಲು ಅಳಿಯುತ್ತದೆ. ನಿಂಟೆಂಡೋ ಸಂಸ್ಥೆಯ 1989ರ ಆವೃತ್ತಿಯಲ್ಲಿ 29ನೆಯ ಹಂತದಿಂದ ತುಂಡುಗಳು ಎಷ್ಟು ವೇಗವಾಗಿ ಬೀಳುತ್ತವೆಂದರೆ, ಮನುಷ್ಯನ ಕೈ ಅಲ್ಲಿಗೇ ಸೋಲುತ್ತದೆಂದು ಬಹುಕಾಲ ನಂಬಲಾಗಿತ್ತು. ಕಾಲಾನಂತರ ಆಟಗಾರರು ಗುಂಡಿಯ ಮೇಲೆ ಹೆಬ್ಬೆರಳಿಟ್ಟು, ಸಾಧನದ ಬೆನ್ನನ್ನು ಇನ್ನೊಂದು ಕೈಯ ಬೆರಳುಗಳಿಂದ ತಬಲಾ ನುಡಿಸುವವರಂತೆ ತಟ್ಟುವ ಕ್ರಮವನ್ನು ಕಂಡುಕೊಂಡರು. ವಿಲ್ಲಿಸ್ ಸುಮಾರು 38 ನಿಮಿಷ ಹೀಗೆ ಆಡಿ 157ನೆಯ ಹಂತವನ್ನು ಮುಟ್ಟಿದಾಗ ಆಟವೇ ಸ್ತಬ್ಧವಾಯಿತು. ಮುಂದಿನ ಲೆಕ್ಕವನ್ನು ನಿಭಾಯಿಸುವ ಶಕ್ತಿ ಅದಕ್ಕಿರಲಿಲ್ಲ. ಅದುವರೆಗೆ ಗಣಕಯಂತ್ರದಿಂದ ಮಾತ್ರ ಸಾಧ್ಯವಾಗಿದ್ದ ಕಾರ್ಯವಿದು. ತನ್ನ ಬೆರಳುಗಳ ಅರಿವೇ ತನಗಿಲ್ಲವೆಂದು ಬಾಲಕನು ಉದ್ಗರಿಸಿದನು.

ಬ್ರಿಟನ್ನಿನ ವಾರ್ತಾವಾಚಕಿಯೊಬ್ಬರು, ಹೊರಗೆ ಹೋಗಿ ಗಾಳಿ ಸೇವಿಸಲಿ, ಇದೇನು ಜೀವನದ ಗುರಿಯೇ ಎಂಬ ಧಾಟಿಯಲ್ಲಿ ಮಾತನಾಡಿದರು. ಗಾಳಿ ಬೇಕು, ನಿಜ. ಆದರೂ ಆ ಮಾತು ನಮಗೆ ಹಿಡಿಸಲಿಲ್ಲ. ಬಾಲಕನು ಅದೇ ತಿಂಗಳಲ್ಲಿ ತಂದೆಯನ್ನು ಕಳೆದುಕೊಂಡಿದ್ದನು. ತನ್ನ ಗೆಲುವನ್ನು ಅವನು ಅರ್ಪಿಸಿದ್ದು ಆ ತಂದೆಗೇ.