ಆರಂಭಶೂರತ್ವವೋ, ಮೊಳಕೆಯ ಸಿರಿಯೋ?

ನಮ್ಮಲ್ಲಿ ಎರಡು ಮಾತುಗಳುಂಟು. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುವುದೆಂಬುದು ಒಂದು. ಆರಂಭಶೂರನನ್ನು ನೆಚ್ಚಬೇಡವೆಂಬುದು ಇನ್ನೊಂದು. ಒಂದೇ ಮನೆಯಲ್ಲಿ ಸಮಯಕ್ಕೆ ತಕ್ಕಂತೆ ಎರಡೂ ಹೊರಡುವುದನ್ನು ಕೇಳುತ್ತೇವೆ. ಹುಡುಗ ಮೊದಲ ಕಿರುಪರೀಕ್ಷೆಯಲ್ಲಿ ತೊಂಬತ್ತು ಅಂಕ ತಂದನೆಂದರೆ ತಾಯಿಗೆ ಮೊದಲನೆಯ ಮಾತು ನೆನಪಾಗುತ್ತದೆ, ತಂದೆಗೆ ಎರಡನೆಯದು. ವರ್ಷಾಂತ್ಯದವರೆಗೆ ಇಬ್ಬರಲ್ಲಿ ಯಾರು ಸರಿಯೆಂದು ಹೇಳಬಲ್ಲವರಿಲ್ಲ.

ಈ ವ್ಯಾಜ್ಯವನ್ನು ಅಮೆರಿಕದ ಬೇಸ್‌ಬಾಲ್ ರಸಿಕರು ಪ್ರತಿ ವಸಂತದಲ್ಲೂ ಹೊಸದಾಗಿ ಹೂಡುತ್ತಾರೆ. ವರ್ಷಗಟ್ಟಲೆ ಸೋತು ಸುಣ್ಣವಾದ ತಂಡವೊಂದು ಏಪ್ರಿಲ್ ತಿಂಗಳಲ್ಲಿ ಇದ್ದಕ್ಕಿದ್ದಂತೆ ಗೆಲ್ಲತೊಡಗುತ್ತದೆ. ಊರಿನ ಕಾಫಿ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಒಂದೇ ಮಾತು: ‘ಇದು ಉಳಿದೀತೆ?’ ಕ್ರಿಕೆಟ್ಟಿನಾಚೆಯ ಆಟದ ಹೆಸರೆತ್ತಿದೊಡನೆ ನಮ್ಮ ವಾಚಕರು ಪುಟ ಮಗುಚಲಾರರೆಂಬ ಭರವಸೆಯಿಂದ ಈ ವಾರ ಆ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿದ್ದೇವೆ.

ಮೊದಲು ಆಟದ ಲೆಕ್ಕ. ನಮ್ಮ ಐ.ಪಿ.ಎಲ್.ನ ಲೀಗ್ ಹಂತದಲ್ಲಿ ಒಂದೊಂದು ತಂಡಕ್ಕೆ 14 ಪಂದ್ಯಗಳಾದರೆ ಬೇಸ್‌ಬಾಲ್ ತಂಡಕ್ಕೆ ಋತುವಿಗೆ 162. ಸುಮಾರು ಆರು ತಿಂಗಳು ಬಹುತೇಕ ದಿನವೂ ಆಟ. ಇಷ್ಟೊಂದು ಆಟಗಳಿರುವುದರಿಂದ ಅತ್ಯುತ್ತಮ ತಂಡವೂ ಅರುವತ್ತು ಸಲ ಸೋಲುತ್ತದೆ, ಅತ್ಯಂತ ಹೀನ ತಂಡವೂ ಸಾಮಾನ್ಯವಾಗಿ ಅರುವತ್ತರ ಆಸುಪಾಸು ಗೆಲ್ಲುತ್ತದೆ. ಕೀರ್ತಿ ಅಪಕೀರ್ತಿಗಳೆಲ್ಲ ನಡುವಿನ ನಲವತ್ತು ಪಂದ್ಯಗಳಲ್ಲಿ ಅಡಗಿವೆ. ನೂರು ಗೆದ್ದವರಿಗೆ ಪಲ್ಲಕ್ಕಿ, ನೂರು ಸೋತವರಿಗೆ ನಗೆಪಾಟಲು.

ನೂರು ಸೋಲುವ ತಂಡಗಳಲ್ಲಿ ಕೆಲವು ಉದ್ದೇಶಪೂರ್ವಕವಾಗಿಯೇ ಆ ಗತಿಗೆ ಇಳಿದಿರುತ್ತವೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಹಳೆಯ ಗುಡಿಯನ್ನು ಕಳಚಿ ಕಟ್ಟುವಂತೆ ತಂಡದ ಜೀರ್ಣೋದ್ಧಾರಕ್ಕೆ ಕೈಹಚ್ಚುತ್ತಾರೆ. ದುಬಾರಿ ಸಂಬಳದ ನುರಿತ ಆಟಗಾರರನ್ನು ಬೇರೆ ತಂಡಗಳಿಗೆ ಕೊಟ್ಟು ಬದಲಿಗೆ ಹೆಸರಿಲ್ಲದ ಎಳೆಯರನ್ನು ತರುತ್ತಾರೆ. ಹಿಂದುಳಿದ ತಂಡಗಳಿಗೆ ಹೊಸ ಆಟಗಾರರ ಆಯ್ಕೆಯಲ್ಲಿ ಮೊದಲ ಸರದಿಗಳು ಸಿಗುವುದು ಪದ್ಧತಿಯಾದ್ದರಿಂದ ಸೋಲಿಗೂ ಒಂದು ಬೆಲೆಯುಂಟು. ಟಿಕೆಟ್ಟಿಗೆ ಹಣ ತೆತ್ತು ಮಕ್ಕಳನ್ನು ಕರೆತಂದ ಸಂಸಾರಸ್ಥನಿಗೆ ಮಾತ್ರ ‘ನಾಲ್ಕು ವರ್ಷ ತಾಳಿ’ ಎಂಬ ಉತ್ತರ!

2023ರ ಪಿಟ್ಸ್‌ಬರ್ಗ್ ಪೈರೇಟ್ಸ್ ಇಂತಹ ತಂಡ. ಪಿಟ್ಸ್‌ಬರ್ಗ್ ಉಕ್ಕಿನ ಕುಲುಮೆಗಳಿಂದ ಹೆಸರಾದ ಊರು. ಅಲ್ಲೆಗೆನಿ ನದಿಯ ದಡದಲ್ಲಿ ಆ ತಂಡದ ಕ್ರೀಡಾಂಗಣ. 1960ರ ಅಂತಿಮ ಪಂದ್ಯದ ಕೊನೆಯ ಗಳಿಗೆಯಲ್ಲಿ ಬಿಲ್ ಮಜೆರೋಸ್ಕಿ ಹೊಡೆದ ಹೊಡೆತದಿಂದ ಬಲಾಢ್ಯ ಯಾಂಕೀಸರನ್ನು ಕೆಡವಿದವರು ಇವರು. 1979ರಲ್ಲಿ ಮತ್ತೊಮ್ಮೆ ವಿಶ್ವ ಸರಣಿಯನ್ನು ಗೆದ್ದರು, ಆಮೇಲೆ ಇಲ್ಲ. 1993ರಿಂದ 2012ರವರೆಗೆ ಇಪ್ಪತ್ತು ವರ್ಷ ಸತತವಾಗಿ ಗೆಲುವಿಗಿಂತ ಸೋಲನ್ನೇ ಹೆಚ್ಚು ಕಂಡರು. 2008ರಲ್ಲಿ ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬ ಇಬ್ಬರು ಹಳ್ಳಿಯ ಹುಡುಗರನ್ನು ಬೇಸ್‌ಬಾಲ್ ಎಸೆಯಲು ಕರೆದೊಯ್ದು ನಮ್ಮ ಪತ್ರಿಕೆಗಳಲ್ಲೂ ಸುದ್ದಿಯಾದದ್ದು ಇದೇ ತಂಡ. ಅದು ಹಾಗಿರಲಿ. 2021ರಲ್ಲಿ 101 ಸೋಲು, 2022ರಲ್ಲಿ 100 ಸೋಲು. ಇದು 2023ರ ಬಾಗಿಲಲ್ಲಿ ನಿಂತ ಪೈರೇಟ್ಸರ ಜಾತಕ.

ಆದರೆ ಏಪ್ರಿಲ್ ಮುಗಿಯುತ್ತ ಬಂದಾಗ ಆಡಿದ 28ರಲ್ಲಿ 20 ಗೆದ್ದಿದ್ದರು. ಬೋಸ್ಟನ್ನಿಗೆ ಹೋಗಿ ಮೂರಕ್ಕೆ ಮೂರು, ಡೆನ್ವರಿಗೆ ಹೋಗಿ ಮೂರಕ್ಕೆ ಮೂರು. ವ್ಯವಸ್ಥಾಪಕ ಡೆರೆಕ್ ಶೆಲ್ಟನ್ನನ ಕರಾರನ್ನು ಏಪ್ರಿಲ್ ತಿಂಗಳಲ್ಲೇ ಮುಂದುವರಿಸಲಾಯಿತು. ತಂಡದ ಮುಖ್ಯ ಬ್ಯಾಟುಗಾರ ಬ್ರಯನ್ ರೆನಾಲ್ಡ್ಸನಿಗೆ ಎಂಟು ವರ್ಷಗಳಿಗೆ ಹತ್ತು ಕೋಟಿ ಡಾಲರಿಗೂ ಮಿಕ್ಕ ಒಪ್ಪಂದವಾಯಿತು. ಊರಿಗೆ ಹಬ್ಬದ ಕಳೆ ಬಂತು.

ಆ ತಿಂಗಳ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸೊಪ್ಪದು. ಡ್ರೂ ಮ್ಯಾಗಿ ಎಂಬಾತನನ್ನು ಪೈರೇಟ್ಸ್ ಆಯ್ದುಕೊಂಡಿದ್ದು 2010ರಲ್ಲಿ. ಅಲ್ಲಿಂದ ಹದಿಮೂರು ವರ್ಷ ಆತ ಕೆಳದರ್ಜೆಯ ಲೀಗುಗಳಲ್ಲಿ, ಊರಿಂದೂರಿಗೆ ಬಸ್ಸಿನಲ್ಲಿ ಅಲೆಯುತ್ತ, ಸಾವಿರಕ್ಕೂ ಹೆಚ್ಚು ಪಂದ್ಯಗಳನ್ನಾಡಿದ. 2023ರ ಏಪ್ರಿಲ್ 26ರಂದು, ಮೂವತ್ಮೂರನೆಯ ವಯಸ್ಸಿನಲ್ಲಿ, ಮೊಟ್ಟಮೊದಲ ಬಾರಿಗೆ ಮೇಲ್ದರ್ಜೆಯ ಪಂದ್ಯದಲ್ಲಿ ಬ್ಯಾಟು ಹಿಡಿದು ಬಂದಾಗ ಕ್ರೀಡಾಂಗಣವಿಡೀ ಎದ್ದು ನಿಂತಿತು. ಆತ ಚೆಂಡನ್ನು ತಾಕಿಸಲಾರದೆ ಔಟಾದ. ಆದರೂ ಜನ ಚಪ್ಪಾಳೆ ನಿಲ್ಲಿಸಲಿಲ್ಲ. ಸೋಲುವ ತಂಡದ ಪ್ರೇಕ್ಷಕರಿಗೆ ಇಂಥದ್ದರ ಬೆಲೆ ಗೊತ್ತು.

ಮೇ ತಿಂಗಳು ಬಂತು. ಆ ವರ್ಷ ಮೊದಲ 13 ಪಂದ್ಯಗಳನ್ನೂ ಗೆದ್ದಿದ್ದ ಟ್ಯಾಂಪಾ ಬೇ ರೇಸ್ ತಂಡ ಇವರನ್ನು ಮೂರಕ್ಕೆ ಮೂರು ಸೋಲಿಸಿತು. ಅದರ ಬೆನ್ನಿಗೇ ಟೊರಾಂಟೊ ತಂಡ ಪಿಟ್ಸ್‌ಬರ್ಗಿಗೇ ಬಂದು ಅದನ್ನೇ ಮಾಡಿತು. ಜೂನ್ ತಿಂಗಳಲ್ಲಿ ಒಂದರ ಮೇಲೊಂದರಂತೆ ಹತ್ತು ಸೋಲು. ಋತು ಮುಗಿದಾಗ 76 ಜಯ, 86 ಸೋಲು. ಮೊದಲ 28ರಲ್ಲಿ 20 ಗೆದ್ದವರು ಉಳಿದ 134ರಲ್ಲಿ ಗೆದ್ದದ್ದು 56 ಮಾತ್ರ.

ಇದು ಹೇಗಾಯಿತು? ಮನಸ್ಸಿನ ದೌರ್ಬಲ್ಯ, ಗರ್ವಭಂಗ, ದೃಷ್ಟಿ ತಾಕಿತು ಎಂದೆಲ್ಲ ಹೇಳುವವರುಂಟು. ನಾವು ಮೊದಲು ಒಂದು ನಾಣ್ಯವನ್ನು ಕೈಗೆತ್ತಿಕೊಳ್ಳೋಣ. ನಾಣ್ಯವನ್ನು 28 ಸಲ ಚಿಮ್ಮಿದರೆ 20 ಅಥವಾ ಅದಕ್ಕಿಂತ ಹೆಚ್ಚು ಸಲ ತಲೆ ಬೀಳುವ ಸಂಭವ ನೂರರಲ್ಲಿ ಸುಮಾರು ಎರಡು ಪಾಲು. ಅಷ್ಟೇ ತಾನೆ ಎನ್ನಬೇಡಿ. ಮೇಲ್ದರ್ಜೆಯಲ್ಲಿ ತಂಡಗಳು 30. ಮೂವತ್ತು ಜನ ಒಟ್ಟಿಗೆ ಕುಳಿತು ನಾಣ್ಯ ಚಿಮ್ಮಿದರೆ ಎರಡು ವರ್ಷಕ್ಕೊಮ್ಮೆಯಾದರೂ ಒಬ್ಬನಿಗೆ ಈ ಭಾಗ್ಯ ಒದಗುತ್ತದೆ. ಹೆಚ್ಚೂ ಅಲ್ಲದ ಕಡಮೆಯೂ ಅಲ್ಲದ ಸಾಧಾರಣ ತಂಡವೊಂದು ಒಂದು ತಿಂಗಳು ವೀರರಂತೆ ಕಾಣಲು ಪವಾಡವೇನೂ ಬೇಕಿಲ್ಲ. ಒಂದೇ ಒಂದು ಹದ ಮಳೆಗೆ ಕೆರೆ ತುಂಬಿತೆಂದು ತೂಬು ತೆಗೆಯುವ ರೈತನಿಲ್ಲ.

ಹಾಗಾದರೆ ಅದೃಷ್ಟವನ್ನೂ ಸತ್ವವನ್ನೂ ಬೇರ್ಪಡಿಸುವ ಜರಡಿ ಯಾವುದು? ಬಿಲ್ ಜೇಮ್ಸ್ ಎಂಬ ಅಂಕಿಅಂಶಗಳ ಬರಹಗಾರ ಒಂದು ಸರಳ ಮಾರ್ಗವನ್ನು ತೋರಿಸಿಕೊಟ್ಟ. ಗೆಲುವು ಸೋಲುಗಳನ್ನು ಬದಿಗಿಟ್ಟು, ತಂಡ ಗಳಿಸಿದ ರನ್ನುಗಳೆಷ್ಟು, ಎದುರಾಳಿಗೆ ಬಿಟ್ಟುಕೊಟ್ಟವೆಷ್ಟು ಎಂಬುದನ್ನು ಮಾತ್ರ ನೋಡು. ಎರಡರ ವರ್ಗಗಳನ್ನು ಹೋಲಿಸಿದರೆ ತಂಡದ ನಿಜವಾದ ಯೋಗ್ಯತೆ ಹೆಚ್ಚುಕಡಮೆ ತಿಳಿಯುತ್ತದೆಂದು ಅವನ ವಾದ. ಒಂದೊಂದು ರನ್ನಿನ ಅಂತರದಲ್ಲಿ ದಕ್ಕಿದ ಜಯಗಳ ರಾಶಿ ಬಹುಕಾಲ ನಿಲ್ಲದು. ಇಂದು ನಿಮ್ಮ ಕಡೆ ಉರುಳಿದ ಚೆಂಡು ನಾಳೆ ಆಚೆ ಉರುಳುತ್ತದೆ.

ಈ ಜರಡಿಗೆ 2003ರ ಕಾನ್ಸಾಸ್ ಸಿಟಿ ರಾಯಲ್ಸ್ ತಂಡಕ್ಕಿಂತ ಒಳ್ಳೆಯ ಕಾಳು ಸಿಗಲಾರದು. ಹಿಂದಿನ ವರ್ಷ 100 ಸೋತಿದ್ದವರು 2003ರ ಮೊದಲ ಒಂಬತ್ತು ಪಂದ್ಯಗಳನ್ನೂ ಗೆದ್ದರು. 19 ಆಡಿದಾಗ 16 ಗೆದ್ದಿದ್ದರು. ವ್ಯವಸ್ಥಾಪಕ ಟೋನಿ ಪೆನ್ಯಾ ‘ನಾವು ನಂಬುತ್ತೇವೆ’ ಎಂಬರ್ಥದ ಸ್ಪಾನಿಷ್ ಮಾತನ್ನು ತಂಡದ ಘೋಷಣೆಯಾಗಿ ಮಾಡಿದ. ಜುಲೈ ಮಧ್ಯದ ವಿರಾಮದ ವೇಳೆಗೂ ತಮ್ಮ ವಿಭಾಗದಲ್ಲಿ ಏಳು ಪಂದ್ಯಗಳಷ್ಟು ಮುಂದಿದ್ದರು. ಆದರೆ ಎಸೆತಗಾರರ ಕೈಗಳು ಒಂದೊಂದಾಗಿ ಸೋತವು. ಸ್ವತಂತ್ರ ಲೀಗಿನಲ್ಲಿ ಆಡುತ್ತಿದ್ದ ಹೊಸೆ ಲೀಮಾ ಎಂಬ ಹಳಬನನ್ನು ಕರೆತಂದು ಎಸೆಯಲು ನಿಲ್ಲಿಸಬೇಕಾಯಿತು. ಆತನೂ ಆಶ್ಚರ್ಯವೆಂಬಂತೆ ಎಂಟು ಪಂದ್ಯ ಗೆದ್ದುಕೊಟ್ಟ. ಕೊನೆಗೆ 83 ಜಯ, 79 ಸೋಲು, ಮೂರನೆಯ ಸ್ಥಾನ. ಪೆನ್ಯಾನಿಗೆ ವರ್ಷದ ಶ್ರೇಷ್ಠ ವ್ಯವಸ್ಥಾಪಕನೆಂಬ ಪ್ರಶಸ್ತಿ.

ಈಗ ರನ್ನುಗಳ ಲೆಕ್ಕ ನೋಡಿ. ಗಳಿಸಿದ್ದು 836, ಬಿಟ್ಟುಕೊಟ್ಟದ್ದು 867. ಜೇಮ್ಸನ ಲೆಕ್ಕದಂತೆ ಇದು 78 ಜಯಗಳ ಯೋಗ್ಯತೆಯ ತಂಡ. ಐದು ಜಯಗಳು ಅದೃಷ್ಟಲಕ್ಷ್ಮಿಯ ಉಡುಗೊರೆ. ಆಡಳಿತದವರು ಈ ಉಡುಗೊರೆಯನ್ನು ಸ್ವಾರ್ಜಿತವೆಂದು ಭಾವಿಸಿದ್ದೇ ಅನರ್ಥಕ್ಕೆ ಕಾರಣವಾಯಿತೆಂದು ನಮ್ಮ ಅಭಿಪ್ರಾಯ. ಇನ್ನೊಂದು ಹೆಜ್ಜೆಯಷ್ಟೇ ಬಾಕಿಯೆಂದು 2004ಕ್ಕೆ ಹ್ವಾನ್ ಗೊನ್ಜಾಲೆಜ್, ಬೆನಿಟೊ ಸಾಂಟಿಯಾಗೊ ಎಂಬ ವಯಸ್ಸು ಸಂದ ಪ್ರಸಿದ್ಧರನ್ನು ಹಣ ಕೊಟ್ಟು ತಂದರು. ಗೊನ್ಜಾಲೆಜ್ ಆಡಿದ್ದು 33 ಪಂದ್ಯ. ತಂಡ ಸೋತದ್ದು 104. ಆ ಬೇಸಿಗೆಯಲ್ಲೇ ತಮ್ಮ ಮನೆಯ ರತ್ನವಾದ ಕಾರ್ಲೋಸ್ ಬೆಲ್ಟ್ರಾನನನ್ನು ಹ್ಯೂಸ್ಟನ್ನಿಗೆ ಬಿಟ್ಟುಕೊಟ್ಟರು. ಅಡಿಪಾಯ ಒಣಗುವ ಮೊದಲೇ ಮಹಡಿ ಎತ್ತಿದರೆ ಆಗುವುದು ಇದೇ.

ಎಲ್ಲ ಆರಂಭಶೂರರ ಕಥೆಯೂ ಹೀಗೆಯೇ ಎಂದರೆ ಅನ್ಯಾಯವಾದೀತು. ಹ್ಯೂಸ್ಟನ್ ಆಸ್ಟ್ರೋಸ್ ತಂಡ 2011ರಿಂದ 2013ರ ಮೂರು ವರ್ಷಗಳಲ್ಲಿ 324 ಪಂದ್ಯಗಳನ್ನು ಸೋತಿತ್ತು. ಅಂಥವರು 2015ರ ಮೊದಲ 25ರಲ್ಲಿ 18 ಗೆದ್ದಾಗ ನಕ್ಕವರೇ ಹೆಚ್ಚು. ಜರಡಿ ಹಿಡಿದವರು ನಗಲಿಲ್ಲ. ಋತುವಿನ ಕೊನೆಗೆ ಅವರು ಗಳಿಸಿದ ರನ್ನು ಬಿಟ್ಟುಕೊಟ್ಟದ್ದಕ್ಕಿಂತ 111 ಹೆಚ್ಚು. ಜೂನ್ ತಿಂಗಳಲ್ಲಿ ಕಾರ್ಲೋಸ್ ಕೊರೆಯಾ ಎಂಬ ಇಪ್ಪತ್ತರ ತರುಣನನ್ನು ಕೆಳದರ್ಜೆಯಿಂದ ಮೇಲಕ್ಕೆ ತಂದರು. ಜುಲೈ ತಿಂಗಳಲ್ಲಿ, ಕೂಡಿಟ್ಟ ಎಳೆಯರಲ್ಲಿ ಕೆಲವರನ್ನು ಕೊಟ್ಟು ಸ್ಕಾಟ್ ಕಜ್ಮಿರ್, ಕಾರ್ಲೋಸ್ ಗೋಮೆಜ್ ಮೊದಲಾದ ಅನುಭವಿಗಳನ್ನು ಪಡೆದರು. 86 ಜಯದೊಡನೆ ಮುಂದಿನ ಸುತ್ತಿಗೆ ಹೋಗಿ ನ್ಯೂಯಾರ್ಕಿನಲ್ಲೇ ಯಾಂಕೀಸರನ್ನು ಸೋಲಿಸಿದರು. ಮುಂದೆ 2017ರಲ್ಲಿ ಅವರು ಗೆದ್ದ ವಿಶ್ವ ಸರಣಿಗೆ, ಎದುರಾಳಿಯ ಸಂಜ್ಞೆಗಳನ್ನು ಕ್ಯಾಮೆರಾದಿಂದ ಕದ್ದ ಕಳಂಕ ಅಂಟಿದ್ದು ಬೇರೆಯೇ ಅಧ್ಯಾಯ. ವಿಚಿತ್ರವೆಂದರೆ 2015ರಲ್ಲಿ ಅವರನ್ನು ತಡೆದು, ಕೊನೆಗೆ ಕಿರೀಟ ಧರಿಸಿದವರು ಅದೇ ಕಾನ್ಸಾಸ್ ಸಿಟಿಯವರು! ಆ ರಾಯಲ್ಸ್ ಹಿಂದಿನ ವರ್ಷ, 2014ರ ಜುಲೈ ಮೂರನೆಯ ವಾರದ ಹೊತ್ತಿಗೆ, ಇನ್ನೂ 48 ಗೆದ್ದು 50 ಸೋತ ಸ್ಥಿತಿಯಲ್ಲಿದ್ದು, ಆಮೇಲೆ ಎದ್ದು ವಿಶ್ವ ಸರಣಿಯವರೆಗೆ ನಡೆದಿದ್ದರು.

ಇದರಿಂದ ಇನ್ನೊಂದು ಸೂಕ್ಷ್ಮ ಹೊರಬೀಳುತ್ತದೆ. ನಿಜವಾಗಿ ಗಟ್ಟಿಯಾದ ಜೀರ್ಣೋದ್ಧಾರ ಅನೇಕ ಸಲ ಏಪ್ರಿಲ್‌ನಲ್ಲಿ ಕಾಣುವುದೇ ಇಲ್ಲ. 1969ರಲ್ಲಿ ನ್ಯೂಯಾರ್ಕ್ ಮೆಟ್ಸ್ ಮೊದಲ 41ರಲ್ಲಿ 18 ಮಾತ್ರ ಗೆದ್ದಿತ್ತು. ಅದೇ ವರ್ಷ ಚಿಕಾಗೊ ಕಬ್ಸ್ ಮೊದಲ 12ರಲ್ಲಿ 11 ಗೆದ್ದಿತ್ತು. ಶರತ್ಕಾಲದಲ್ಲಿ ನೂರು ಜಯ ಪೂರೈಸಿ ವಿಶ್ವ ಸರಣಿಯನ್ನು ಗೆದ್ದವರು ಮೆಟ್ಸ್, 92ಕ್ಕೆ ನಿಂತವರು ಕಬ್ಸ್. ವಸಂತದಲ್ಲಿ ಮೊದಲ ಐದು ಎಸೆತಗಾರರ ಭುಜಬಲ ಸಾಕು. ಆಗಸ್ಟಿನ ಸೆಕೆಯಲ್ಲಿ ಪ್ರಶ್ನೆ ಆರನೆಯವನದು, ಏಳನೆಯವನದು, ಎಂಟನೆಯವನದು. ಆ ಎಂಟನೆಯವನು ಇದ್ದಾನೋ ಇಲ್ಲವೋ ಎಂಬುದನ್ನು ಏಪ್ರಿಲ್ ಹೇಳಲಾರದು.

ಪಿಟ್ಸ್‌ಬರ್ಗಿನಲ್ಲಿ ಆತ ಇರಲಿಲ್ಲ. ಎಸೆತಗಾರರಲ್ಲಿ ಜೆ. ಟಿ. ಬ್ರೂಬೇಕರನಿಗೆ ಮೊಣಕೈ ಶಸ್ತ್ರಚಿಕಿತ್ಸೆ. ಮುಂದೆ ವಿನ್ಸ್ ವೆಲಾಸ್ಕೆಜ್‌ಗೂ ಅದೇ ಗತಿ. ತಂಡದ ಎತ್ತರದ ತಾರೆ ಓನೀಲ್ ಕ್ರೂಜ್ ಏಪ್ರಿಲ್ 9ರಂದೇ ಓಟದ ಕೊನೆಯಲ್ಲಿ ಜಾರಿ ಕಾಲಿನ ಗಿಣ್ಣು ಮುರಿದುಕೊಂಡು ವರ್ಷವಿಡೀ ಹೊರಗುಳಿದ. ಏಪ್ರಿಲ್ ಜಯಗಳ ಗದ್ದಲದಲ್ಲಿ ಆ ನಷ್ಟ ಯಾರಿಗೂ ನಾಟಲಿಲ್ಲ. ಅಲ್ಲದೆ ಏಪ್ರಿಲ್‌ನಲ್ಲಿ ಅವರು ಸೋಲಿಸಿದವರಲ್ಲಿ ಆ ವರ್ಷ 103 ಸೋತ ಕೊಲರಾಡೊ, 91 ಸೋತ ವಾಷಿಂಗ್ಟನ್ ತಂಡಗಳಿದ್ದವು. ಎದುರಾಳಿಯ ಯೋಗ್ಯತೆಯನ್ನೂ ತೂಗಬೇಕಷ್ಟೆ.

ಇಷ್ಟಾದರೂ ನಮ್ಮ ಆಕ್ಷೇಪಣೆ ಆಟಗಾರರ ಮೇಲಲ್ಲ. ಮೇ ತಿಂಗಳಲ್ಲಿ, ಜನರ ವಿಶ್ವಾಸ ಇನ್ನೂ ಬೆಚ್ಚಗಿದ್ದಾಗ, ಗಾಯಗೊಂಡವರ ಬದಲಿಗೆ ದೊಡ್ಡ ಹೆಸರಿನ ಎಸೆತಗಾರ ಯಾರೂ ಬರಲಿಲ್ಲ. ಜುಲೈ ಕೊನೆಯಿಂದ ಆಗಸ್ಟ್ ಮೊದಲ ದಿನದೊಳಗೆ ಕಾರ್ಲೋಸ್ ಸಾಂಟಾನಾನನ್ನು ಮಿಲ್ವಾಕಿಗೆ, 43 ವರ್ಷದ ರಿಚ್ ಹಿಲ್ ಹಾಗೂ ಚೊಯ್ ಜಿ-ಮಾನ್‌ರನ್ನು ಸಾನ್ ಡಿಯಾಗೋಗೆ ಬಿಟ್ಟುಕೊಟ್ಟರು. ಆ ಹೊತ್ತಿಗೆ ತಂಡ ಕೆಳಗಿಳಿದಿತ್ತಾದ್ದರಿಂದ ಅದು ಅಪರಾಧವಲ್ಲ, ಜೀರ್ಣೋದ್ಧಾರದ ನಿಯಮಕ್ಕೆ ಒಪ್ಪುವುದೇ. ಆದರೆ ಕಾನ್ಸಾಸ್ ಸಿಟಿಯವರು ಅತಿಯಾಗಿ ನಂಬಿ ಕೆಟ್ಟರೆ, ಪಿಟ್ಸ್‌ಬರ್ಗಿನವರು ತಮ್ಮ ತಂಡವನ್ನು ತಾವೇ ನಂಬಲಿಲ್ಲ. ಪ್ರೇಕ್ಷಕನಿಗೆ ಎರಡರಲ್ಲೂ ಕೈಗೆ ಬಂದದ್ದು ಒಂದೇ.

2024ರಲ್ಲಿ ಪೈರೇಟ್ಸ್ ಮತ್ತೆ ಕರಾರುವಾಕ್ಕಾಗಿ 76 ಗೆದ್ದು 86 ಸೋತರು. 2025ರ ಮೇ ತಿಂಗಳಲ್ಲಿ, 12 ಜಯ 26 ಸೋಲುಗಳಾಗಿದ್ದಾಗ, ಶೆಲ್ಟನ್ನನನ್ನು ಮನೆಗೆ ಕಳುಹಿಸಿದರು. ಆ ವರ್ಷ ಒಟ್ಟು 71 ಜಯ. 2023ರ ಜುಲೈನಲ್ಲಿ ಮೊದಲನೆಯ ಆಯ್ಕೆಯಾಗಿ ತಂದ ಪಾಲ್ ಸ್ಕೀನ್ಸ್ ಮಾತ್ರ 2025ರಲ್ಲಿ ಲೀಗಿನ ಶ್ರೇಷ್ಠ ಎಸೆತಗಾರನೆಂದು ಸೈ ಯಂಗ್ ಪ್ರಶಸ್ತಿ ಪಡೆದ. ಒಂಬತ್ತು ಇನ್ನಿಂಗ್ಸಿಗೆ ಸರಾಸರಿ ಎರಡು ರನ್ನನ್ನೂ ಬಿಟ್ಟುಕೊಡದ ಆತನ ಹೆಸರಿಗೆ ಆ ವರ್ಷ ಸಂದದ್ದು ಹತ್ತು ಜಯ, ಹತ್ತು ಸೋಲು.