ನಾಯಿಯ ಚುಚ್ಚುಮದ್ದೂ ಊರೊಟ್ಟಿನ ಕೆಲಸವಾಗಲಿ

ಕಾಲುಬಾಯಿ ರೋಗದ ಚುಚ್ಚುಮದ್ದು ಹಾಕುವವರು ಆರು ತಿಂಗಳಿಗೊಮ್ಮೆ ಹಟ್ಟಿಯ ಬಾಗಿಲಿಗೇ ಬರುತ್ತಾರೆ. ದನಕ್ಕೆ ಹಾಕಿ, ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ಒಳ್ಳೆಯ ವ್ಯವಸ್ಥೆ. ಆದರೆ ಅವರನ್ನು ಕಂಡು ಬೊಗಳುವ ನಾಯಿ ಯಾರ ಲೆಕ್ಕದಲ್ಲೂ ಇಲ್ಲ. ನಮ್ಮ ಲೆಕ್ಕದಲ್ಲೂ ಇಲ್ಲ.

ಮಂಗ, ಕಾಡುಹಂದಿ, ಮುಳ್ಳುಹಂದಿ ಇರುವ ಕಡೆ ಕೃಷಿ ಮಾಡುವವರಿಗೆ ನಾಯಿ ಎಂದರೆ ಶೋಕಿ ಅಲ್ಲ. ರಾತ್ರಿ ಕಾವಲಿಗೆ ಜನ ಸಿಗುವ ಕಾಲವೂ ಇದಲ್ಲ. ತೋಟದ ಗಡಿ ಗೊತ್ತಿರುವ, ಕೆಲಸದವರನ್ನು ಕಚ್ಚದ ಒಂದು ನಾಯಿ ತಯಾರಾಗಲು ಎರಡು ವರ್ಷ ಬೇಕು. ಅದು ಸಾಯಲು ಎರಡು ವಾರ ಸಾಕು.

ನಾನು ಹೇಳುತ್ತಿರುವುದು ಡಿಸ್ಟೆಂಪರ್ ರೋಗದ ಬಗ್ಗೆ.

"ನಮ್ಮ ನಾಯಿಗೆ ಇಂಜೆಕ್ಷನ್ ಆಗಿದೆ ಮಾರಾಯ್ರೆ" ಎನ್ನುವವರು ಬಹಳ ಮಂದಿ. ಯಾವುದರದ್ದು ಎಂದು ಕೇಳಿ ನೋಡಿ. ಹೆಚ್ಚಿನವರದ್ದು ಹುಚ್ಚುನಾಯಿ ರೋಗದ್ದು, ಅಂದರೆ ರೇಬೀಸ್‌ದು. ಅದು ಬೇಕೇ ಬೇಕು, ಮನೆಮಂದಿಯ ಜೀವದ ಪ್ರಶ್ನೆ. ಆದರೆ ಡಿಸ್ಟೆಂಪರ್‌ಗೆ ಅದರಿಂದ ಏನೇನೂ ರಕ್ಷಣೆ ಇಲ್ಲ. ಕಾಲುಬಾಯಿ ರೋಗದ ಚುಚ್ಚುಮದ್ದು ಹಾಕಿಸಿ ಚಪ್ಪೆರೋಗ ಬಾರದು ಎಂದು ಕೂತ ಹಾಗೆ ಆಗುತ್ತದೆ.

ರೋಗ ಬರುವ ರೀತಿ

ಇದು ಗಾಳಿಯಲ್ಲಿ ಹರಡುವ ವೈರಸ್. ರೋಗದ ನಾಯಿ ಕೆಮ್ಮಿದಾಗ, ಸೀನಿದಾಗ ಹಾರುವ ಹನಿ ಇನ್ನೊಂದರ ಮೂಗಿಗೆ ಹೋದರೆ ಆಯಿತು. ಒಂದೇ ಪಾತ್ರೆಯಲ್ಲಿ ಕುಡಿದರೂ ಬರಬಹುದು. ಅಂಟಿದ ಮೇಲೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಜ್ವರ, ಕಣ್ಣಲ್ಲಿ ನೀರು. ಆಮೇಲೆ ಕಣ್ಣು, ಮೂಗಿನಲ್ಲಿ ದಪ್ಪ ಗೀಜು, ಸಿಂಬಳ, ಕೆಮ್ಮು, ಊಟ ಬಿಡುವುದು. ಕೆಲವಕ್ಕೆ ವಾಂತಿ, ಭೇದಿ. ಅಂಗಾಲು ಗಟ್ಟಿಯಾಗುವುದೂ ಉಂಟು. ಕೊನೆಗೆ ದವಡೆ ಅದುರುವುದು, ಕಾಲು ಸೆಳೆಯುವುದು, ಫಿಟ್ಸ್. ಮೂರರಿಂದ ಆರು ತಿಂಗಳ ಮರಿಗಳಿಗೆ ಅಪಾಯ ಹೆಚ್ಚು. ವೈರಸ್ಸನ್ನೇ ಕೊಲ್ಲುವ ಮದ್ದು ಇಲ್ಲ. ವೈದ್ಯರು ಡ್ರಿಪ್ಸ್ ಕೊಟ್ಟು, ಜತೆಗೆ ಬರುವ ಸೋಂಕಿಗೆ ಮದ್ದು ಮಾಡಿ ಬದುಕಿಸಲು ನೋಡಬಹುದು. ಬದುಕಿದರೂ ಕೆಲವಕ್ಕೆ ನಡುಕ ಜೀವಮಾನವಿಡೀ ಉಳಿಯುತ್ತದೆ.

ಡಿಸ್ಟೆಂಪರ್ ಮನುಷ್ಯರಿಗೆ ಬರುವುದಿಲ್ಲ. ಆದರೆ ಫಿಟ್ಸ್ ಬರುವ, ಜೊಲ್ಲು ಸುರಿಸುವ ನಾಯಿಗೆ ಇರುವುದು ಇದೇ ರೋಗವೋ ರೇಬೀಸೋ ಎಂದು ನಾವು ನೋಡಿ ಹೇಳಲಾಗದು. ಬಾಯಿಗೆ ಕೈ ಹಾಕಬೇಡಿ. ಕೂಡಿ ಹಾಕಿ, ವೈದ್ಯರನ್ನು ಕರೆಯಿರಿ.

ಕೆಮ್ಮಿದ್ದೆಲ್ಲ ಡಿಸ್ಟೆಂಪರ್ ಅಲ್ಲ. ಗಂಟಲಲ್ಲಿ ಎಲುಬು ಸಿಕ್ಕಿದ ಹಾಗೆ ಒಣ ಕೆಮ್ಮು ಕೆಮ್ಮಿ, ಕೊನೆಗೆ ನೊರೆ ಕಕ್ಕುವ 'ಕೆನಲ್ ಕಾಫ್' ಎಂಬುದೂ ಇದೆ. ಅದೂ ಅಂಟುರೋಗ. ಉಂಡು ಓಡಾಡುವ ನಾಯಿಯಾದರೆ ಹೆಚ್ಚಾಗಿ ಎರಡು ಮೂರು ವಾರದಲ್ಲಿ ಗುಣವಾಗುತ್ತದೆ. ಎರಡರಲ್ಲಿ ಯಾವುದೇ ಇರಲಿ, ಮೊದಲ ಕೆಲಸ ಒಂದೇ: ನಾಯಿಯನ್ನು ಬೇರೆ ಕಟ್ಟುವುದು, ಪಾತ್ರೆ ಬೇರೆ ಮಾಡುವುದು, ಕುತ್ತಿಗೆಯ ಬೆಲ್ಟ್ ಬಿಗಿಯಾಗದಂತೆ ನೋಡುವುದು, ಅದನ್ನು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು. ಮನೆಯಲ್ಲಿರುವ ಜ್ವರದ ಮಾತ್ರೆ ಕೊಡಬೇಡಿ. ನಮಗೆ ಆಗುವ ಮಾತ್ರೆ ನಾಯಿಗೆ ವಿಷವಾಗಬಹುದು.

ಒಂದು ಸಲ ಹಾಕಿದರೆ ಸಾಲದೇ?

ಸಾಲದು. ಕರುವಿಗೆ ಗಿಣ್ಣುಹಾಲು ಇದ್ದ ಹಾಗೆ ಮರಿಗೂ ತಾಯಿಯ ಮೊದಲ ಹಾಲಿನಿಂದ ರಕ್ಷಣೆ ಸಿಗುತ್ತದೆ. ಆ ರಕ್ಷಣೆ ಇರುವಷ್ಟು ದಿನ ಚುಚ್ಚುಮದ್ದು ಸರಿಯಾಗಿ ಹಿಡಿಯುವುದಿಲ್ಲ. ಯಾವ ಮರಿಗೆ ಅದು ಯಾವಾಗ ಮುಗಿಯುತ್ತದೆ ಎಂದು ಹೊರಗಿನಿಂದ ಗೊತ್ತಾಗದು. ಹಾಗಾಗಿ ಆರರಿಂದ ಎಂಟು ವಾರದೊಳಗೆ ಸುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಹಾಕಿಸಬೇಕು. ವರ್ಷದ ಮೇಲೆ ಇನ್ನೊಂದು, ಆಮೇಲೆ ವೈದ್ಯರು ಹೇಳಿದ ಹಾಗೆ. ಪಾರ್ವೊ, ಇಲಿಜ್ವರದ ರಕ್ಷಣೆಯೂ ಇದರ ಜತೆಗೇ ಸೇರಿದ ಚುಚ್ಚುಮದ್ದು ಸಿಗುತ್ತದೆ. ರೇಬೀಸ್‌ದು ಬೇರೆ.

ತೊಂದರೆ ಇರುವುದು ಇಲ್ಲೇ. ಒಂದು ಮರಿಗೋಸ್ಕರ ಮೂರು ಸಲ ಪೇಟೆಗೆ ಹೋಗುವವರು ಯಾರು? ಬಸ್ಸಿನಲ್ಲಿ ನಾಯಿ ಕರೆದೊಯ್ಯುವುದು ಸುಲಭವಲ್ಲ. ರಿಕ್ಷಾದ ಬಾಡಿಗೆ ಮದ್ದಿಗಿಂತ ಹೆಚ್ಚಾಗುತ್ತದೆ. ಬಾಟಲಿಯನ್ನೇ ತರೋಣ ಎಂದರೆ ಅದು 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಅಂಗಿಯ ಕಿಸೆಯಲ್ಲಿ ತಂದದ್ದನ್ನು ಹಾಕಿಸಿದರೆ ಹಾಕಿಸಿದ ಸಮಾಧಾನ ಮಾತ್ರ.

ಅದಕ್ಕೇ ನನ್ನ ಅಭಿಪ್ರಾಯ: ಇದು ಒಬ್ಬೊಬ್ಬರೇ ಮಾಡುವ ಕೆಲಸ ಅಲ್ಲ. ಹತ್ತು ಮನೆಯವರು ಸೇರಿ ವೈದ್ಯರನ್ನು ಒಂದು ದಿನ ಹಾಲಿನ ಸೊಸೈಟಿಯ ಹತ್ತಿರ ಕರೆಸಿದರೆ ಮದ್ದು ಐಸಿನ ಡಬ್ಬದಲ್ಲಿ ಬರುತ್ತದೆ, ಖರ್ಚು ಹಂಚಿ ಹೋಗುತ್ತದೆ. ಮುಂದಿನ ತಾರೀಕನ್ನೂ ಅಲ್ಲೇ ಬರೆದಿಟ್ಟರೆ ಮರೆಯುವುದಿಲ್ಲ. ಆ ದಿನ ಕೆಮ್ಮುವ ನಾಯಿಯನ್ನು ಮಾತ್ರ ತರಬಾರದು. ಯಾರದ್ದೂ ಅಲ್ಲದ, ಎಲ್ಲರ ಮನೆಯಲ್ಲೂ ಉಣ್ಣುವ ನಾಯಿ ಪ್ರತಿ ಊರಲ್ಲೂ ಒಂದೆರಡು ಇರುತ್ತವೆ. ಅವನ್ನೂ ಲೆಕ್ಕಕ್ಕೆ ಸೇರಿಸಿ. ರೋಗ ಮನೆಯಿಂದ ಮನೆಗೆ ದಾಟುವುದು ಹೆಚ್ಚಾಗಿ ಅಂಥವುಗಳ ಮೂಲಕ.

ಒಟ್ಟು ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಇದೆ. ದನಗಳ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್, ಇದೇ ವೈರಸ್ಸಿನ ಕುಟುಂಬದ್ದು. ಊರೂರಿನ ದನಕ್ಕೆಲ್ಲ ಚುಚ್ಚುಮದ್ದು ಹಾಕಿದ್ದರಿಂದ ಅದು ನಿರ್ನಾಮವಾಯಿತು. 2011ರಲ್ಲಿ ಇಡೀ ಜಗತ್ತೇ ಅದರಿಂದ ಮುಕ್ತ ಎಂದು ಘೋಷಣೆಯಾಯಿತು. ಡಿಸ್ಟೆಂಪರ್ ಮದ್ದಿನ ಹಿಂದೆಯೂ ಇಂಥದೇ ಕತೆ ಇದೆ. ಇಂಗ್ಲೆಂಡಿನಲ್ಲಿ 'ದಿ ಫೀಲ್ಡ್' ಎಂಬ ಪತ್ರಿಕೆ 1923ರಲ್ಲಿ ನಾಯಿ ಸಾಕುವವರಿಂದ ಚಂದಾ ಎತ್ತಿ ಸಂಶೋಧನೆಗೆ ನಿಧಿ ಮಾಡಿತು. ಲೇಡ್ಲಾ ಮತ್ತು ಡಂಕಿನ್ ಎಂಬ ವಿಜ್ಞಾನಿಗಳು ಆ ದಶಕ ಮುಗಿಯುವುದರೊಳಗೆ ಲಸಿಕೆ ಮಾಡಿ ತೋರಿಸಿದರು.

ಕಾಡಿನ ಪಕ್ಕ ಇರುವ ನಮಗೆ ಇನ್ನೊಂದು ಹೊಣೆಯೂ ಇದೆ. 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಸುಮಾರು ಸಾವಿರ ಸಿಂಹಗಳು ಈ ರೋಗಕ್ಕೆ ಬಲಿಯಾದವು. 2018ರಲ್ಲಿ ನಮ್ಮದೇ ಗಿರ್ ಕಾಡಿನಲ್ಲಿ ಕೆಲವೇ ವಾರದಲ್ಲಿ 20ಕ್ಕೂ ಹೆಚ್ಚು ಸಿಂಹ ಸತ್ತಾಗ ಪರೀಕ್ಷೆಯಲ್ಲಿ ಸಿಕ್ಕಿದ್ದೂ ಇದೇ ವೈರಸ್. ನಮ್ಮ ಗುಡ್ಡದ ನರಿ, ಕಾಡುನಾಯಿಗಳಿಗೂ ಇದು ಅಂಟುತ್ತದೆ. ಮಂಗ ಓಡಿಸುತ್ತಾ ಕಾಡಿಗೆ ನುಗ್ಗುವ ನಮ್ಮ ನಾಯಿ ಏನನ್ನು ಹೊತ್ತು ಹೋಗುತ್ತದೆ, ಏನನ್ನು ಹೊತ್ತು ಬರುತ್ತದೆ ಎಂದು ಯೋಚಿಸಬೇಕಲ್ಲ?

ಸರಕಾರ ದನದ ಹಾಗೆ ನಾಯಿಗೂ ಇದನ್ನು ಮನೆಬಾಗಿಲಿಗೆ ತರಲಿ ಎಂದು ಕೇಳುವುದು ನ್ಯಾಯವೇ. ಕೇಳೋಣ. ಅದು ಬರುವವರೆಗೆ ಕಾಯುವುದು ಬೇಡ. ಈ ತಿಂಗಳು ಸೊಸೈಟಿಗೆ ಹಾಲು ಕೊಡಲು ಹೋದಾಗ ಯಾರ ಮನೆಯಲ್ಲಿ ಎಷ್ಟು ನಾಯಿ, ಎಷ್ಟು ಮರಿ ಎಂದು ಒಂದು ಪಟ್ಟಿ ಮಾಡಿ, ಪಶು ಆಸ್ಪತ್ರೆಯವರ ಹತ್ತಿರ ಮಾತಾಡಿ. ಈಗಾಗಲೇ ಹೀಗೆ ಮಾಡಿದವರಿದ್ದರೆ ಎಷ್ಟು ಖರ್ಚಾಯಿತು, ಹೇಗೆ ಹೊಂದಿಸಿದಿರಿ ಎಂದು ಪತ್ರಿಕೆಗೆ ಬರೆಯಿರಿ. ಉಳಿದವರಿಗೂ ಧೈರ್ಯ ಬರುತ್ತದೆ.