ಮನೆಯ ಮೋಟಾರು: ನಡುಕವೂ ವಾಸನೆಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗಳಲ್ಲಿ ಉಂಡೆಕೊಬ್ಬರಿಗಾಗಿ ತೆಂಗಿನಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಡುವುದು ವಾಡಿಕೆ. ಅಂತಹ ಅಟ್ಟದ ಕೆಳಗೆ ಟರ್ಬೋ ಕಾರನ್ನು ನಿಲ್ಲಿಸುವ ಗೃಹಸ್ಥರು ಅದರ ಎರಡು ರೋಗಲಕ್ಷಣಗಳ ಅಂತರವನ್ನು ಅರಿತಿರತಕ್ಕದ್ದು.

ಮೊದಲನೆಯದು, ಕಾರು ನಿಂತಿರುವಾಗ ಎಂಜಿನ್ನು ನಡುಗುವುದು. ಟರ್ಬೋ ಎಂಬುದು ಎಂಜಿನ್ನು ಹೊರದೂಡುವ ಹೊಗೆಯ ರಭಸದಿಂದಲೇ ತಿರುಗಿ, ಒಳಕ್ಕೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ. ವೇಗದಲ್ಲಿ ಎಂಜಿನ್ನಿನ ಗಾಳಿದಾರಿಯೊಳಗೆ ಒತ್ತಡವಿರುವುದು, ನಿಂತಾಗ ಸೆಳೆತವಿರುವುದು. ಆದಕಾರಣ ಅಲ್ಲಿನ ಒಂದೇ ಬಿರುಕು ವೇಗದಲ್ಲಿ ಸಿಳ್ಳುಹಾಕಿ ಗಾಳಿಯನ್ನು ಸೋರಿಸುವುದು, ನಿಂತಾಗ ಅಳತೆಗೆ ಸಿಕ್ಕದ ಗಾಳಿಯನ್ನು ಒಳಗೆಳೆಯುವುದು. ಎಂಜಿನ್ನು ತಣಿದ ಮೇಲೆ ರಬ್ಬರು ಕೊಳವೆಗಳನ್ನೂ ಅವುಗಳ ಕ್ಲಿಪ್ಪುಗಳನ್ನೂ ಪರೀಕ್ಷಿಸಬೇಕು. ಇದನ್ನು ಸಾವಕಾಶವಾಗಿ ಸರಿಪಡಿಸಿಕೊಳ್ಳಬಹುದು.

ಎರಡನೆಯದು, ಪೆಟ್ರೋಲಿನ ವಾಸನೆ. ಇದಕ್ಕೆ ಸಾವಕಾಶವಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದು. ನೆಲದ ಮೇಲೆಯೇ ಹರಡಿ ದೂರದ ಒಲೆಯನ್ನೂ ಮುಟ್ಟಬಲ್ಲದು. ಒಲೆಯನ್ನಾರಿಸಿ, ಎಂಜಿನ್ನನ್ನು ಚಾಲೂ ಮಾಡದೆ, ದೀಪದ ಗುಂಡಿಯನ್ನೊತ್ತದೆ, ಕಾರನ್ನು ಬಯಲಿಗೆ ತಳ್ಳಬೇಕು. ಎಂಜಿನ್ನು ನಿಂತ ಮೇಲೂ ಪೆಟ್ರೋಲಿನ ಕೊಳವೆಯಲ್ಲಿ ಒತ್ತಡ ಉಳಿದಿರುವುದರಿಂದ ಅದನ್ನು ಮನೆಯಲ್ಲಿ ಬಿಚ್ಚಕೂಡದು. ಮೆಕ್ಯಾನಿಕನನ್ನು ಕಾರಿದ್ದಲ್ಲಿಗೇ ಕರೆಸಬೇಕು.

ಈಗ ದೊರೆಯುವ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲು, ಅದಕ್ಕೆಂದು ತಯಾರಾಗದ ಹಳೆಯ ರಬ್ಬರನ್ನು ಕೆಡಿಸಬಲ್ಲದು. ಅಂತಹ ಕೊಳವೆಗಳನ್ನು ಸೋರುವ ಮುನ್ನವೇ ಬದಲಿಸುವುದು ಲೇಸು. ನಡುಕವೂ ವಾಸನೆಯೂ ಕೂಡಿ ಬಂದರೆ ವಾಸನೆಯನ್ನೇ ಮುಖ್ಯವೆಂದೆಣಿಸಿರಿ. ನಡುಕದಿಂದ ಪ್ರಯಾಣ ತಡವಾದೀತು. ಕೊಬ್ಬರಿ, ಮಟ್ಟೆ, ನಾರು ತುಂಬಿದ ಮನೆಗೆ ಕಿಡಿಯೊಂದು ತಗುಲಿದರೆ ವರ್ಷದ ಫಸಲೂ ಮನೆಯವರ ಪ್ರಾಣವೂ ಅಪಾಯಕ್ಕೀಡಾಗುವುವು.